ಲಗ್ನಪತ್ರಿಕೆಗೆ ಅಂತರರಾಷ್ಟ್ರೀಯ ಶಿಷ್ಟಾಚಾರ

ಎರಡು ದೇಶಗಳ ಮಂತ್ರಿಗಳು ಒಂದೇ ಬಾಗಿಲಿಗೆ ಒಂದೇ ಗಳಿಗೆಯಲ್ಲಿ ಬಂದರೆ ಯಾರು ಮೊದಲು ಒಳಗೆ ಹೋಗಬೇಕು? ಇದು ನನ್ನ ಅನ್ನದ ಪ್ರಶ್ನೆ. ಇಪ್ಪತ್ತೊಂದು ವರ್ಷದಿಂದ ಸರ್ಕಾರ ನನಗೆ ಸಂಬಳ ಕೊಡುತ್ತಿರುವುದೇ ಇಂಥವಕ್ಕೆ ಉತ್ತರ ಹುಡುಕುವುದಕ್ಕೆ. ಉತ್ತರ ಬೇಕಾದವರು ಬರೆದುಕೊಳ್ಳಿ: ಬಾಗಿಲನ್ನು ಅಗಲ ಮಾಡಿಸಬೇಕು.

ನಾನು ಭಾರತದ ವಿದೇಶಾಂಗ ಸೇವೆಯ ಅಧಿಕಾರಿ. ಮಧುಗಿರಿ ಸೀಮೆಯ ಬಡವನಹಳ್ಳಿ ಹತ್ತಿರದ ಒಂದು ಊರಿನಿಂದ ಹೊರಟು, ನಮ್ಮ ವಂಶಕ್ಕೆಲ್ಲ ಮೊದಲನೆಯವನಾಗಿ ಡಿಗ್ರಿ ಮಾಡಿ, ದೆಹಲಿಯ ಪರೀಕ್ಷೆಯನ್ನು ಮೂರನೇ ಸಲಕ್ಕೆ ಪಾಸು ಮಾಡಿದವನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಖವಾಗಿ ಓದಿದವರು ವಿನಯ ತೋರಿಸುತ್ತಾರೆ. ಕಷ್ಟಪಟ್ಟು ಓದಿದವರು ಹೇಳಿಕೊಳ್ಳುತ್ತಾರೆ. ಮೂವತ್ತೆರಡು ರಾಯಭಾರಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ ಊಟ ಹಾಕಿಸಿದ್ದೇನೆ. ಅವರಲ್ಲಿ ನಾಲ್ವರ ದೇಶಗಳಿಗೆ ಪರಸ್ಪರ ಮಾತಿರಲಿಲ್ಲ. ಆದರೂ ಒಂದು ಚಮಚ ಕೆಳಗೆ ಬೀಳಲಿಲ್ಲ!

ಇಂಥವನು ಈ ವರ್ಷ ರಜೆಗೆಂದು ಕೊರಟಗೆರೆ ಹತ್ತಿರದ ಹಳ್ಳಿಯಲ್ಲಿರುವ ನಮ್ಮಕ್ಕನ ಮನೆಗೆ ಬಂದಾಗ, ಇಡೀ ಮನೆ ಒಂದು ಹಾಳೆಯ ಮುಂದೆ ಸೋತು ಕೂತಿತ್ತು.

ಅಕ್ಕನ ಮಗಳು ಚೈತ್ರಳ ಮದುವೆ ಗೊತ್ತಾಗಿತ್ತು. ಹುಡುಗ ಪಾವಗಡದ ಕಡೆಯವನು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾನೆ. ಚೈತ್ರ ಕೊರಟಗೆರೆಯ ಕಾಲೇಜೊಂದರಲ್ಲಿ ಲೆಕ್ಚರರ್. ಹುಡುಗ ಹುಡುಗಿ ಒಪ್ಪಿದ್ದರು, ಹಿರಿಯರು ಒಪ್ಪಿದ್ದರು, ಛತ್ರ ಸಿಕ್ಕಿತ್ತು, ಅಡುಗೆಯವನೂ ಸಿಕ್ಕಿದ್ದ. ಉಳಿದಿದ್ದು ಲಗ್ನಪತ್ರಿಕೆ ಒಂದೇ. ಅದರಲ್ಲೂ ಕೊನೆಯ ಭಾಗ: ‘ತಮ್ಮ ಆಗಮನವನ್ನು ಬಯಸುವವರು’. ಅಲ್ಲಿಗೆ ನಲವತ್ತೇಳು ಹೆಸರುಗಳು. ಇವನನ್ನು ಮೇಲೆ ಹಾಕಿದರೆ ಅವನಿಗೆ ಸಿಟ್ಟು, ಅವನನ್ನು ಮೇಲೆ ಹಾಕಿದರೆ ಅವನ ಹೆಂಡತಿಯ ತವರಿಗೆ ಸಿಟ್ಟು. ನಮ್ಮ ಭಾವ ನಂಜುಂಡಪ್ಪ ಒಂಬತ್ತು ದಿನದಿಂದ ಬರೆದು, ಅಳಿಸಿ, ಹಾಳೆಯ ನಡುವೆ ರಬ್ಬರಿನಿಂದ ಒಂದು ಕಿಟಕಿಯನ್ನೇ ತೆರೆದಿದ್ದರು.

ಅದನ್ನು ನೋಡಿದೊಡನೆ ನನ್ನ ಕೈ ಕೆರೆಯತೊಡಗಿತು. ನನ್ನ ಹೆಂಡತಿ ಶೈಲಜಾ ಮೈಸೂರಿನವಳು, ಮುಖ ನೋಡಿಯೇ ಕಾಯಿಲೆ ಹೇಳುವವಳು. “ಬೇಡ. ಅದು ಅವರ ಮನೆ ಪತ್ರಿಕೆ. ನೀವು ಉಂಡು ಮಲಗಿ” ಎಂದಳು. ಉಂಡು ಮಲಗುವುದಕ್ಕೆ ಸರ್ಕಾರ ನನಗೆ ತರಬೇತಿ ಕೊಟ್ಟಿಲ್ಲ ಎಂದೆ. ಈಗ ಅನ್ನಿಸುತ್ತದೆ, ಕೊಡಬೇಕಾಗಿತ್ತು.

ಭಾವನ ಕೈಯಿಂದ ಹಾಳೆ ತೆಗೆದುಕೊಂಡೆ. ಇದು ನನ್ನ ಕಸುಬು, ನನಗೆ ಬಿಡಿ ಎಂದೆ. ಭಾವ ತಲೆಯ ಮೇಲಿನ ಹೊರೆ ಇಳಿಸಿದವರಂತೆ ಉಸಿರು ಬಿಟ್ಟರು.

“ತಗಳಪ್ಪ ಚಂದ್ರ. ದೇಶ ದೇಶನೇ ನಿಭಾಯಿಸ್ತೀಯ, ನಮ್ಮ ಮನೆ ಪಟ್ಟಿ ನಿಂಗ್ಯಾವ ಲೆಕ್ಕ.”

ಅಂತರರಾಷ್ಟ್ರೀಯ ಸಭೆಗಳಲ್ಲಿ ಈ ರೋಗಕ್ಕೆ ಎಂದೋ ಔಷಧ ಕಂಡುಹಿಡಿದಿದ್ದಾರೆ. ಅದು ಅಕ್ಷರಮಾಲೆ. ದೊಡ್ಡ ದೇಶವೋ ಚಿಕ್ಕ ದೇಶವೋ, ಹೆಸರಿನ ಮೊದಲ ಅಕ್ಷರ ನೋಡಿ ಕೂರಿಸುತ್ತಾರೆ. ಅಕ್ಷರಕ್ಕೆ ದಾಯಾದಿ ಇಲ್ಲ, ಬೀಗರಿಲ್ಲ, ಹಳೇ ಸಿಟ್ಟಿಲ್ಲ. ನಲವತ್ತೇಳು ಹೆಸರುಗಳನ್ನೂ ಅಕಾರಾದಿಯಾಗಿ ಜೋಡಿಸಲು ನನಗೆ ಒಂದು ಗಂಟೆ ಸಾಕಾಯಿತು. ಒಂಬತ್ತು ದಿನದ ಬಿಕ್ಕಟ್ಟು ಒಂದು ಗಂಟೆಯಲ್ಲಿ ಪರಿಹಾರ! ಅಷ್ಟಕ್ಕೇ ಸುಮ್ಮನಿದ್ದರೂ ಆಗುತ್ತಿತ್ತು. ನಾನು ಕೆಳಗೆ ಒಂದು ಟಿಪ್ಪಣಿಯನ್ನೂ ಸೇರಿಸಿದೆ: ‘ಮೇಲಿನ ಹೆಸರುಗಳು ಅಕಾರಾದಿ ಕ್ರಮದಲ್ಲಿವೆ. ಈ ಕ್ರಮವು ಯಾರ ಸ್ಥಾನಮಾನದ ಕುರಿತೂ ಯಾವುದೇ ನಿಲುವನ್ನು ಸೂಚಿಸುವುದಿಲ್ಲ.’ ಇಂಥ ವಾಕ್ಯ ಬರೆದಾಗ ದೆಹಲಿಯಲ್ಲಿ ಬೆನ್ನು ತಟ್ಟುತ್ತಾರೆ.

ಭಾವ ಪಟ್ಟಿಯನ್ನು ಓದಲಿಲ್ಲ. ಓದುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ನಾನೇ ಮಧುಗಿರಿಯ ಪ್ರೆಸ್ಸಿಗೆ ಹೋದೆ. ಪ್ರೆಸ್ಸಿನ ಯಜಮಾನ ರಾಜಣ್ಣ ಮೂವತ್ತು ವರ್ಷದಿಂದ ಈ ಸೀಮೆಯ ಮದುವೆಗಳನ್ನೆಲ್ಲ ಅಚ್ಚು ಹಾಕಿದ ಮನುಷ್ಯ. ಪಟ್ಟಿ ನೋಡಿ ಕನ್ನಡಕ ಮೇಲೆತ್ತಿದ.

“ಸಾರ್, ಹನುಮಂತ್ರಾಯಪ್ನೋರು ಕಟ್ಟಕಡೇಲಿ ಬಂದವ್ರೆ.”

ಹನುಮಂತರಾಯಪ್ಪನವರು ಭಾವನ ತಂದೆ, ಮನೆಯ ಯಜಮಾನರು. ‘ಹ’ ಕೊನೆಯ ಅಕ್ಷರಗಳಲ್ಲಿ ಒಂದು, ಅದಕ್ಕೆ ಯಾರೇನು ಮಾಡಲಾಗುತ್ತದೆ ಎಂದೆ. ಜಗತ್ತಿನ ದೊಡ್ಡ ಸಭೆಗಳಲ್ಲಿ ಹೇಗೆ ನಡೆಯುತ್ತದೆ ಎಂದು ಹತ್ತು ನಿಮಿಷ ತಿಳಿಹೇಳಿದೆ. ರಾಜಣ್ಣ ತಾಳ್ಮೆಯಿಂದ ಕೇಳಿ, ಕರಡುಪ್ರತಿಯನ್ನು ನನ್ನ ಮುಂದೆ ತಳ್ಳಿದ.

“ಎಲ್ಲಾ ಸರಿ ಸಾರ್. ಇಲ್ಲೊಂದು ಸೈನ್ ಹಾಕ್ಬುಡಿ. ನಾಳೆ ಯಾರಾದ್ರೂ ಕೇಳ್ಕಂಡು ಬಂದ್ರೆ ತೋರಿಸ್ತೀನಿ.”

ಒಪ್ಪಂದಗಳಿಗೆ ಸಹಿ ಬೀಳುವುದನ್ನು ಎಷ್ಟೋ ಸಲ ಹತ್ತಿರದಿಂದ ನೋಡಿದ್ದೇನೆ. ತನ್ನ ಹಿತವನ್ನು ರಾಜಣ್ಣನಷ್ಟು ಚೊಕ್ಕವಾಗಿ ಕಾಪಾಡಿಕೊಂಡ ದೇಶವನ್ನು ನೋಡಿಲ್ಲ.

ಆರು ನೂರು ಪತ್ರಿಕೆ ಅಚ್ಚಾದವು. ಪ್ರೆಸ್ಸಿನ ಪದ್ಧತಿಯಂತೆ ಮೊದಲ ಹೆಸರನ್ನು ಒಂದೇ ಸಾಲಿನಲ್ಲಿ ದಪ್ಪಗೆ ಹಾಕಿದ್ದರು. ಆ ಹೆಸರು ಅಂಜಿನಪ್ಪ.

ಅಂಜಿನಪ್ಪ ಯಾರೆಂದು ಈಗ ಹೇಳಬೇಕು. ಹನುಮಂತರಾಯಪ್ಪನವರ ದಾಯಾದಿ, ಸಂಬಂಧದಲ್ಲಿ ತಮ್ಮನಾಗಬೇಕು. ಬದುವಿನ ಮೇಲಿನ ಒಂದು ಹುಣಸೆಮರದ ವಿಷಯಕ್ಕೆ ಇಬ್ಬರಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ಊರು ಏನಾದರೂ ಅಂದೀತು ಎಂದು ಭಾವ ಅವನ ಹೆಸರನ್ನು ಪಟ್ಟಿಯಲ್ಲಿ ಎಲ್ಲೋ ನಡುವೆ, ಯಾರ ಕಣ್ಣಿಗೂ ಬೀಳದ ಹಾಗೆ ಸೇರಿಸಿದ್ದರು. ನಾನು ಅವನನ್ನು ಅಲ್ಲಿಂದ ಎತ್ತಿ ಶಿಖರದ ಮೇಲೆ ಕೂರಿಸಿದ್ದೆ. ನೋಡಿ ವಿಚಿತ್ರ, ಅಂಜಿನಪ್ಪ, ಹನುಮಂತರಾಯಪ್ಪ ಇಬ್ಬರೂ ಒಂದೇ ದೇವರ ಹೆಸರಿನವರು. ಅಕ್ಷರಮಾಲೆ ಒಬ್ಬರನ್ನು ಮೇಲಕ್ಕೂ ಒಬ್ಬರನ್ನು ಪಾತಾಳಕ್ಕೂ ಹಾಕಿತ್ತು. ಅದಕ್ಕೂ ಮೀರಿದ ಜಾಣತನವೆಂದರೆ, ಮಧುಗಿರಿಯಿಂದ ಬರುವ ದಾರಿಯಲ್ಲೇ ಇಳಿದು, ಸಂಬಂಧ ಸುಧಾರಣೆಯ ಮೊದಲ ಹೆಜ್ಜೆಯಾಗಿರಲಿ ಎಂದು, ಮೊದಲ ಪತ್ರಿಕೆಯನ್ನು ಅವನ ಕೈಗೇ ಕೊಟ್ಟು ಬಂದೆ! ಅಂಜಿನಪ್ಪ ಓದಿ ಟವೆಲಿನಿಂದ ಕಣ್ಣೊರೆಸಿಕೊಂಡ. ಶಾಂತಿ ಎಷ್ಟು ಸುಲಭ ಎಂದುಕೊಂಡೆ.

ಮನೆಯಲ್ಲಿ ಶಾಸ್ತ್ರದಂತೆ ಒಂದು ಪತ್ರಿಕೆಯನ್ನು ದೇವರ ಮುಂದಿಟ್ಟು, ಇನ್ನೊಂದನ್ನು ತಟ್ಟೆಯಲ್ಲಿ ಎಲೆ ಅಡಿಕೆ ಜೊತೆ ಹನುಮಂತರಾಯಪ್ಪನವರ ಮುಂದಿಟ್ಟರು. ನಾನು ಅವರನ್ನು ಮಾವ ಎನ್ನುತ್ತೇನೆ. ಪಿಯುಸಿ ಓದುವಾಗ ಎರಡು ವರ್ಷ ಇದೇ ಮನೆಯಲ್ಲಿದ್ದೆ. ಮೂರನೇ ಕ್ಲಾಸು ಓದಿದ ಮಾವ ದಿನಾ ಬೆಳಗ್ಗೆ ನನ್ನ ಇಂಗ್ಲಿಷ್ ಪುಸ್ತಕ ಹಿಡಿದು ಕೂತು ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಇಂಗ್ಲಿಷಿನ ಒಂದಕ್ಷರ ಬಾರದಿದ್ದರೂ ನಾನು ತಡವರಿಸಿದ ಕಡೆಯೆಲ್ಲ ‘ತಪ್ಪು’ ಎನ್ನುತ್ತಿದ್ದರು. ಒಂದು ಸಲವೂ ಅವರ ಮಾತು ಸುಳ್ಳಾಗಲಿಲ್ಲ.

ಮಾವ ತೋರುಬೆರಳಿಟ್ಟು ಓದತೊಡಗಿದರು. ಬೆರಳು ಅಂಜಿನಪ್ಪನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಇಳಿಯತೊಡಗಿತು. ಈರಣ್ಣನನ್ನು ದಾಟಿತು, ಕರಿಯಣ್ಣನನ್ನು ದಾಟಿತು, ನಾಗರಾಜನನ್ನು ದಾಟಿತು, ಹಿಂದಿನ ವರ್ಷ ಇವರ ಮೇಕೆಯನ್ನು ಕಟ್ಟಿಹಾಕಿಕೊಂಡು ರಂಪ ಮಾಡಿದ ಶಿವಣ್ಣನನ್ನೂ ದಾಟಿತು. ಕೊನೆಗೆ ತಳ ಮುಟ್ಟಿತು.

“ನನ್ನಿಂದ ಕೆಳಕ್ಕೆ ಯಾರೂ ಇಲ್ವೇನ್ಲಾ ಚಂದ್ರ?”

ಇಲ್ಲ ಮಾವ ಎಂದೆ.

“ಐತಲ್ಲ. ಪ್ರೆಸ್ಸಿನೋನ ಫೋನ್ ನಂಬರು.”

ಟಿಪ್ಪಣಿಯನ್ನು ಓದಿ ಅರ್ಥ ಕೇಳಿದರು. ಯಾರು ದೊಡ್ಡವರು ಎಂದು ನಾವು ಹೇಳುವುದಿಲ್ಲ ಎಂದರ್ಥ ಎಂದೆ. “ಹೇಳಲ್ಲ ಅಂತ ಅಚ್ಚು ಹಾಕ್ಸಿದೀಯ” ಎಂದರು. ಪತ್ರಿಕೆಯನ್ನು ಮಡಿಸಿ ತಟ್ಟೆಯಲ್ಲಿ ಎಲೆ ಅಡಿಕೆಯ ಮೇಲೇ ಇಟ್ಟು ಎದ್ದರು. ಮದುವೆ ಚೆನ್ನಾಗಿ ಆಗಲಿ, ಮೊದಲನೇ ಹೆಸರಿನವರು ನಿಂತು ನಡೆಸುತ್ತಾರೆ, ನಾನು ಬರುವುದಿಲ್ಲ ಎಂದು ಹೇಳಿ, ಹಿತ್ತಲಿನ ಕಡಲೆಕಾಯಿ ರಾಶಿಯ ಹತ್ತಿರ ಹೋಗಿ ಕೂತರು. ಅಕ್ಕ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ.

ಮಾರನೇ ಬೆಳಗ್ಗೆ ಮೊದಲನೇ ಹೆಸರಿನವರು ಬಂದೇಬಿಟ್ಟರು! ಹೊಸ ಪಂಚೆ, ಹೊಸ ಟವೆಲು. ಹನ್ನೊಂದು ವರ್ಷದಿಂದ ಈ ಹೊಸಿಲು ತುಳಿಯದ ಅಂಜಿನಪ್ಪ ಸೀದಾ ಬಂದು ಮಾವ ಕೂರುವ ಜಗಲಿಯ ಮೂಲೆಯಲ್ಲೇ ಕೂತ. ಅಣ್ಣ ಕೊನೆಗೂ ತನ್ನ ಬೆಲೆ ತಿಳಿದುಕೊಂಡ ಎಂದ. ಅಡುಗೆಯವನನ್ನು ಬದಲಾಯಿಸಬೇಕು ಎಂದ. ಶಾಮಿಯಾನದ ಬಣ್ಣ ಸರಿಯಿಲ್ಲ ಎಂದ. ಅಕ್ಕನನ್ನು ಕರೆದು ಕಾಫಿಗೆ ಬೆಲ್ಲ ಜಾಸ್ತಿ ಹಾಕಲು ಹೇಳಿದ. ಮಾವ ಹಿತ್ತಲಲ್ಲಿ ಕೂತು ಕಡಲೆಕಾಯಿ ಸುಲಿಯುವ ಸದ್ದು ಜಗಲಿಗೆ ಕೇಳುತ್ತಿತ್ತು. ಒಂದೊಂದು ಕಾಯಿಯೂ ಒಂದೊಂದು ಕತ್ತಿನ ಹಾಗೆ ಲಟಕ್ಕೆನ್ನುತ್ತಿತ್ತು.

ಇಬ್ಬರು ಮಾತಾಡದಿದ್ದಾಗ ನಡುವೆ ಓಡಾಡುವುದು ನಮ್ಮ ಸೇವೆಯ ಹಳೆಯ ವಿದ್ಯೆ. ಜಗಲಿಯಿಂದ ಹಿತ್ತಲಿಗೆ, ಹಿತ್ತಲಿಂದ ಜಗಲಿಗೆ ಆ ದಿನ ನಾನು ಓಡಾಡಿದ ದೂರದಲ್ಲಿ ಸಿರಾ ಮುಟ್ಟಬಹುದಾಗಿತ್ತು. ಮಾವನ ಮುಂದೆ ನಿಂತು, ಪತ್ರಿಕೆಯಿಂದ ಉಂಟಾಗಿರಬಹುದಾದ ಬೇಸರಕ್ಕೆ ವಿಷಾದ ವ್ಯಕ್ತಪಡಿಸುತ್ತೇನೆ ಎಂದೆ.

“ಅಂಗಂದ್ರೇನ್ಲಾ? ತಪ್ಪು ಮಾಡಿದೀನಿ ಅಂತಲೋ, ಮಾಡಿಲ್ಲ ಅಂತಲೋ?”

ಎರಡಕ್ಕೂ ಅವಕಾಶವಿದೆ ಎಂದೆ. ನಿಜವನ್ನೇ ಹೇಳಿದೆ, ಆ ವಾಕ್ಯವನ್ನು ಹಾಗೆಂದೇ ಕಟ್ಟಿರುತ್ತಾರೆ. ಮಾವ ಮೊರ ಎತ್ತಿಕೊಂಡು ನನ್ನ ಕಡೆಗೇ ಹೊಟ್ಟು ತೂರಿದರು.

ಜಗಲಿಗೆ ಬಂದು ಅಂಜಿನಪ್ಪನ ಹತ್ತಿರ ಕೂತೆ. ಬೇರೆ ಪತ್ರಿಕೆ ಹಾಕಿಸುತ್ತೇವೆ, ಹೆಸರು ಸ್ವಲ್ಪ ಕೆಳಗೆ ಬರುತ್ತದೆ, ಒಪ್ಪಿಕೊಳ್ಳಿ ಎಂದು ಬೇಡಿದೆ. ದಪ್ಪ ಅಕ್ಷರದಲ್ಲಿ ಇಡೀ ತಾಲ್ಲೂಕು ನೋಡಿದ ಮೇಲೆ ಇಳಿಸಿದರೆ ತಾನು ತಲೆ ಎತ್ತುವುದು ಹೇಗೆ ಎಂದು ಅವನ ಪ್ರಶ್ನೆ. ನ್ಯಾಯವೇ. ಕಳೆದುಕೊಂಡ ಗೌರವಕ್ಕೆ ಬದಲಿ ಗೌರವ ಕೊಡಬೇಕು, ಅದು ನಮ್ಮ ನಿಯಮ. ಏನು ಬೇಕು ಎಂದೆ. ಮೊದಲ ವೀಳ್ಯ ತನ್ನ ಕೈಯಿಂದ ಆಗಲಿ ಎಂದ. ಎರಡು ಎಲೆ, ಒಂದು ಅಡಿಕೆ; ಇಷ್ಟಕ್ಕೇ ಮುಗಿಯುತ್ತದಲ್ಲ ಎಂದು ನಾನು ಆಗಲಿ ಅಂದುಬಿಟ್ಟೆ.

ಹೆಣ್ಣಿನ ಕಡೆಯ ಯಜಮಾನ ಗಂಡಿನ ಕಡೆಯ ಯಜಮಾನನಿಗೆ ಕೊಡುವ ಆ ಮೊದಲ ವೀಳ್ಯ ಆಗದೆ ಮದುವೆಯ ಯಾವ ಶಾಸ್ತ್ರವೂ ನಮ್ಮಲ್ಲಿ ಶುರುವಾಗುವುದಿಲ್ಲ. ಅದು ಮನೆಯ ಹಿರಿಯನ ಹಕ್ಕು. ಇದನ್ನು ಎಳೆ ಮಗುವೂ ಬಲ್ಲದು, ನಾನೂ ಬಲ್ಲೆ, ಬಲ್ಲವನಾಗಿದ್ದೆ. ಇಪ್ಪತ್ತೊಂದು ವರ್ಷ ಬೇರೆಯವರ ಪದ್ಧತಿಗಳನ್ನು ಬಾಯಿಪಾಠ ಮಾಡಿ ನಮ್ಮದನ್ನು ಮರೆತಿದ್ದೆ. ಬೇರೆಯವರ ಹೊಲವನ್ನು ಇನ್ನೊಬ್ಬರಿಗೆ ಬರೆದುಕೊಟ್ಟ ಹಾಗಾಯಿತು.

ಅಂಜಿನಪ್ಪ ಸಂತೋಷಕ್ಕೆ ಮದಲೂರಿನಲ್ಲಿರುವ ಮಗಳಿಗೆ ಫೋನ್ ಮಾಡಿದ. ಮಗಳು ಯಾರಿಗೆ ಮಾಡಿದಳೋ ಗೊತ್ತಿಲ್ಲ. ಮಧ್ಯಾಹ್ನದ ಮುದ್ದೆ ತಟ್ಟೆಗೆ ಬೀಳುವ ಹೊತ್ತಿಗೆ ಪಾವಗಡದಿಂದ ಫೋನ್ ಬಂತು. ಹುಡುಗನ ದೊಡ್ಡಪ್ಪ ಸುಬ್ಬರಾಯಪ್ಪ. ಗಡಿ ಸೀಮೆಯವರು, ಮಾತಿನಲ್ಲಿ ಅರ್ಧ ತೆಲುಗು; ಅವರಲ್ಲಿ ‘ಪೆದ್ದೋರು’ ಎಂದರೆ ಹಿರಿಯರು. ಅಕ್ಕ ಸ್ಪೀಕರ್ ಹಾಕಿದಳು.

“ನೋಡಮ್ಮಾ, ನಾವು ಮಾತು ಕೊಟ್ಟಿದ್ದು ಹನುಮಂತರಾಯಪ್ಪನಿಗೆ. ಈ ಅಂಜಿನಪ್ಪ ಎವರು ಅಂತ ನಮ್ಗೆ ತೆಲೀದು. ನಿಮ್ಮಿಂಟ್ಲೋ ಪೆದ್ದೋರು ಯಾರು ಅಂತ ಮೊದ್ಲು ತೀರ್ಮಾನ ಮಾಡ್ಕಳ್ಳಿ. ಆಮೇಲೆ ಮುಹೂರ್ತದ ಮಾತು. ಅವರು ಕೂರಲ್ಲ ಅಂದ್ರೆ ನಾವೂ ಬಸ್ ಹತ್ತಲ್ಲ.”

ಚೈತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಚಿಕ್ಕವಳಿದ್ದಾಗ ನನ್ನ ಫೋಟೋವನ್ನು ಸ್ಕೂಲಿಗೆ ಒಯ್ದು, ನಮ್ಮ ಮಾಮ ಫಾರಿನ್ನಿನಲ್ಲಿ ದೇಶ ನೋಡಿಕೊಳ್ಳುತ್ತಾರೆ ಎಂದು ತೋರಿಸಿದವಳು. ಅವಳ ಕಣ್ಣು ತುಂಬಿತ್ತು. ಆದರೂ ನಾಲಿಗೆ ನಮ್ಮ ವಂಶದ್ದೇ.

“ಮಾಮ, ನೀವು ಕೆಲಸ ಮಾಡ್ತಿರೋ ದೇಶದಲ್ಲಿ ಇನ್ನೂ ಯುದ್ಧ ಆಗಿಲ್ವಾ?”

ಉತ್ತರ ಹೇಳುವುದು ನನ್ನ ವೃತ್ತಿ. ಪೆನ್ನು ಹುಡುಕಿಕೊಂಡು ಹೊರಟೆ.

ಕೋಣೆಯಲ್ಲಿ ಕೂತು ಒಂದು ಕರಡು ಬರೆಯತೊಡಗಿದೆ. ಮಾವನಿಗೆ, ಅಂಜಿನಪ್ಪನಿಗೆ, ಪಾವಗಡಕ್ಕೆ, ಮೂವರಿಗೂ ಒಪ್ಪುವ ಹಾಗೆ, ಯಾರೂ ಸೋಲದ ಹಾಗೆ. ಎರಡನೇ ಪುಟಕ್ಕೆ ಬಂದಾಗ ಶೈಲಜಾ ಹಾಳೆಯನ್ನು ಎಳೆದುಕೊಂಡಳು. ‘ತಪ್ಪಾಯ್ತು’ ಅನ್ನಿ, ಮೂರೇ ಅಕ್ಷರ ಎಂದಳು. ಆ ಮೂರಕ್ಷರ ಹೇಳದೇ ಇರುವುದಕ್ಕೇ ನಮಗೆ ತರಬೇತಿ ಕೊಡುವುದು ಎಂದೆ. ಒಂದು ಸಲ ಹೇಳಿದರೆ ನಾಳೆ ಅದನ್ನೇ ಹಿಡಿದು ಜಗ್ಗುತ್ತಾರೆ, ದಾಖಲೆಯಾಗುತ್ತದೆ, ಪೂರ್ವನಿದರ್ಶನವಾಗುತ್ತದೆ.

“ಹಾಗಾದರೆ ನಿಮ್ಮ ಅಕ್ಕನ ಮಗಳು ಮದುವೆ ಇಲ್ಲದೆ ಇರಲಿ, ನಿಮಗೆ ಪೂರ್ವನಿದರ್ಶನ ಬೇಡ.”

ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆ. ಮೊದಲ ಸಲ ‘ತಪ್ಪಾಗಿರಬಹುದು’ ಎಂದು ಬಂತು. ಎರಡನೇ ಸಲ ‘ತಪ್ಪಾಯಿತೆಂದು ಭಾವಿಸಲಾಗಿದೆ’ ಎಂದು ಬಂತು. ಏಳನೇ ಸಲಕ್ಕೆ ಸರಿಯಾಯಿತು.

ಹಿತ್ತಲಿಗೆ ಹೋಗಿ ಮಾವನ ಮುಂದೆ ನೆಲದ ಮೇಲೆ ಕೂತೆ. ಅವರು ತಲೆ ಎತ್ತಲಿಲ್ಲ.

“ಮಾವ, ತಪ್ಪಾಯ್ತು. ನಾನು ಮಾಡಿದ್ದು ತಪ್ಪು.”

ಲಟಕ್ಕೆಂದು ಒಂದು ಕಾಯಿ ಒಡೆಯಿತು.

“ಇನ್ನೊಂದ್ಸಲ ಗಟ್ಟಿಯಾಗಿ ಹೇಳ್ಲಾ. ಜಗಲಿ ಮೇಲಿರೋನಿಗೂ ಕೇಳ್ಲಿ.”

ಹೇಳಿದೆ. ಜಗಲಿಗೆ ಕೇಳಿತು, ಪಕ್ಕದ ಎರಡು ಮನೆಗಳಿಗೂ ಕೇಳಿತು. ವೀಳ್ಯದ ಹಕ್ಕನ್ನು ಅಂಜಿನಪ್ಪನಿಗೆ ಬಿಟ್ಟುಕೊಟ್ಟದ್ದೂ ತಪ್ಪು ಎಂದು ಕೇಳದೇ ಇದ್ದರೂ ಸೇರಿಸಿದೆ. ಒಮ್ಮೆ ಶುರುವಾದ ಮೇಲೆ ಅಷ್ಟೇನೂ ಕಷ್ಟವಿಲ್ಲ ಎಂಬುದು ನನಗೆ ಆಶ್ಚರ್ಯ. ಮಾವ ಒಂದು ಹಿಡಿ ಬೀಜವನ್ನು ನನ್ನ ಕೈಗೆ ಹಾಕಿ, ತಿನ್ನು ಎಂದು, ಎದ್ದು ಜಗಲಿಗೆ ನಡೆದರು. ಚೈತ್ರಳಿಗೆ ಹಾಳೆ ಪೆನ್ನು ತರಲು ಹೇಳಿದರು.

ಆಮೇಲೆ ನಡೆದದ್ದನ್ನು ನಮ್ಮ ತರಬೇತಿ ಸಂಸ್ಥೆಯಲ್ಲಿ ಪಾಠವಾಗಿ ಇಡಬೇಕು. ಮಾವ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಹೆಸರುಗಳನ್ನು ಹೇಳತೊಡಗಿದರು. ಮೊದಲನೆಯದು ಅವರದ್ದಲ್ಲ, ತೊಂಬತ್ತು ದಾಟಿದ ಅವರ ದೊಡ್ಡಕ್ಕನದು. ಎರಡನೆಯದು ಹೇಳುವ ಮೊದಲು ಕಣ್ಣು ಬಿಟ್ಟು, ಹನ್ನೊಂದು ವರ್ಷದ ಮೇಲೆ ಮೊದಲ ಸಲ ಅಂಜಿನಪ್ಪನ ಮುಖ ನೋಡಿದರು.

“ಎರಡನೇದು ಅಂಜಿನಿ ಅವ್ವಂದು ಬರ್ಕಳಮ್ಮ, ಸಿದ್ದಗಂಗಮ್ಮ. ಏನ್ಲಾ ಅಂಜಿನಿ, ಅವ್ವನ್ನ ಕೆಳಗ್ ಬುಟ್ಟು ನೀನು ಮೇಲೆ ನಿಂತ್ಕಂತೀಯ?”

ಹಾಸಿಗೆ ಹಿಡಿದಿರುವ ತಾಯಿಯ ಹೆಸರನ್ನು ಯಾರಾದರೂ ನೆನೆಯುತ್ತಾರೆಂದು ಅಂಜಿನಪ್ಪ ಅಂದುಕೊಂಡಿರಲಿಲ್ಲ. ಟವೆಲು ಮತ್ತೆ ಕಣ್ಣಿಗೆ ಹೋಯಿತು.

“ಇಲ್ಲ ಕಣಣ್ಣ. ಅವ್ವನ ಹೆಸ್ರೇ ಇರ್ಲಿ. ನನ್ನ ಎಲ್ಲಾದ್ರೂ ಹಾಕು. ವೀಳ್ಯನೂ ನೀನೇ ಕೊಡು.”

“ಅಂಗಾದ್ರೆ ನನ್ನ ಪಕ್ಕಕ್ಕೆ ನಿಂತ್ಕ. ಮರದ ಮಾತು ಬೇರೆ, ಅದು ಮದುವೆ ಆದ್ಮೇಲೆ.”

ಇಷ್ಟೇ! ನಾನು ಒಂದು ದಿನ ಓಡಾಡಿ ಕೆಡಿಸಿದ್ದನ್ನು ಮಾವ ಎರಡು ಮಾತಿನಲ್ಲಿ ಸರಿ ಮಾಡಿದರು. ಅಷ್ಟೂ ಹೆಸರುಗಳನ್ನು ಹಾಳೆ ನೋಡದೆ, ಯಾರ ಪಕ್ಕ ಯಾರು ಕೂರಬಾರದು, ಯಾರ ಹೆಸರಿನ ಹಿಂದೆ ಮುಂದೆ ಯಾರಿದ್ದರೆ ಅವರ ಸಿಟ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕಿ ಮುಗಿಸಲು ಅವರಿಗೆ ಹಿಡಿದದ್ದು ಒಂದು ಲೋಟ ಕಾಫಿಯ ಹೊತ್ತು. ಮೇಕೆ ಕಟ್ಟಿಹಾಕಿದ ಶಿವಣ್ಣನನ್ನು ಮೇಕೆಯ ಜಗಳ ಬಿಡಿಸಿದವನ ಪಕ್ಕದಲ್ಲೇ ಹಾಕಿದರು. ಭಾವ ಪಾವಗಡಕ್ಕೆ ಫೋನ್ ಮಾಡಿದರು. ಸುಬ್ಬರಾಯಪ್ಪನವರು, ಬಸ್ಸಿಗೆ ಹೇಳಿದ್ದೇವೆ, ಬರುತ್ತೇವೆ ಎಂದರು.

ಚೈತ್ರ ಬರೆದದ್ದನ್ನೆಲ್ಲ ಒಮ್ಮೆ ಓದಿ, ಅನುಮಾನದಿಂದ ಕೇಳಿದಳು: “ತಾತ, ಚಂದ್ರ ಮಾಮನ ಹೆಸರೇ ಹೇಳ್ಲಿಲ್ಲ.”

ಸೋದರಮಾವನ ಹೆಸರು ಬಿಡುವಂತಿಲ್ಲ. ನಾನು ಏನೂ ಆಸಕ್ತಿ ಇಲ್ಲದವನಂತೆ ಆಕಾಶ ನೋಡುತ್ತಿದ್ದೆ. ಮಾವ ಬಹಳ ಹೊತ್ತು ಯೋಚಿಸಿದರು. ಅವರು ಆ ಸಂಜೆ ಯೋಚಿಸಿದ್ದು ಅದೊಂದಕ್ಕೇ.

“ಮಕ್ಕಳ ಸಾಲಿಗೆ ಹಾಕಮ್ಮ. ಇನ್ನೂ ಕಲ್ಯಾದು ಐತೆ.”

ಎಲ್ಲರೂ ನಕ್ಕರು. ತಮಾಷೆ ಎಂದುಕೊಂಡೆ. ತಮಾಷೆಯಲ್ಲ ಎಂದು ಗೊತ್ತಾಗಿದ್ದು ರಾಜಣ್ಣ ಹೊಸ ಪತ್ರಿಕೆಗಳ ಕಟ್ಟು ಕಳಿಸಿದಾಗ. ಎಲ್ಲ ಹಿರಿಯರ ಹೆಸರುಗಳೂ ಕಪ್ಪಕ್ಷರದಲ್ಲಿ ಶಿಸ್ತಾಗಿ ಮುಗಿದ ಮೇಲೆ, ಕೆಳಗೆ ಹಾಲುಗಲ್ಲದ ಮಕ್ಕಳ ಸಾಲು: ‘ನಮ್ಮ ಚೈತ್ರಕ್ಕನ ಮದುವೆಗೆ ತಪ್ಪದೇ ಬನ್ನಿ. ಲಿಖಿತ್, ಪುಣ್ಯ, ಚಿನ್ನು, ಚಂದ್ರಶೇಖರ (ಐ.ಎಫ್.ಎಸ್.), ಗುಂಡ.’ ಗುಂಡನಿಗೆ ಆಗ ಏಳು ತಿಂಗಳು.

ಮದುವೆ ಚೆನ್ನಾಗಿ ಆಯಿತು. ಮೊದಲ ವೀಳ್ಯವನ್ನು ಮಾವನೇ ಕೊಟ್ಟರು, ಪಕ್ಕದಲ್ಲಿದ್ದ ಅಂಜಿನಪ್ಪ ತಟ್ಟೆ ಹಿಡಿದುಕೊಂಡ. ನನಗೆ ಯಾರೂ ಯಾವ ಕೆಲಸವನ್ನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಉಂಡು ಮಲಗಿದೆ.

ರಜೆ ಮುಗಿಸಿ ವಾಪಸು ಹೋದ ಮೇಲೆ ನಮ್ಮ ರಾಯಭಾರಿಯವರಿಗೆ ಲಡ್ಡಿನ ಜೊತೆ ಒಂದು ಪತ್ರಿಕೆ ಕೊಟ್ಟೆ. ಅವರು ಉತ್ತರದವರು, ಕನ್ನಡ ಬಾರದು. ನಿಮ್ಮ ಹೆಸರು ಎಲ್ಲಿದೆ ತೋರಿಸಿ ಎಂದರು. ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬೇರೆಯವರದೆಲ್ಲ ಕಪ್ಪು, ನಿಮ್ಮ ಸಾಲು ಮಾತ್ರ ಬಣ್ಣದ ಅಕ್ಷರ, ಪಕ್ಕದಲ್ಲಿ ಬಲೂನಿನ ಚಿತ್ರ ಬೇರೆ. ನಿಮ್ಮ ಊರಿನಲ್ಲಿ ನಿಮಗೆ ತುಂಬಾ ಗೌರವ ಇರಬೇಕು ಎಂದರು.

ಹೌದು ಸಾರ್ ಎಂದೆ.